ಕಿವಿರು ಕುಣಿಸದ ಹಸು

ಅವರ ಭಾಷೆಯಲ್ಲಿ ಉಮಿ ಅಂದರೆ ಕಡಲು.
ನಮ್ಮಲ್ಲಿ ಭತ್ತ ಬಿಟ್ಟುಕೊಟ್ಟ ಸಿಪ್ಪೆ,
ಊದಿದರೆ ಹಾರುವಂಥದ್ದು.
ಉಮಿಉಶಿ: ಕಡಲ ಹಸು.
ಕಿರುಬೆರಳ ಉಗುರಿನಷ್ಟು ಮೈ, ಎರಡು ಕೊಂಬು,
ಚಿಪ್ಪನ್ನು ಯಾವ ಕಾಲದಲ್ಲೋ ಕಳಚಿಟ್ಟು ಬಂದದ್ದು.
ನಾವೂ ಕೊಂಬು ಕಂಡೇ ಅಲ್ಲವೆ
ಇದರ ನಂಟನಿಗೆ ಬಸವನಹುಳು ಅಂದದ್ದು?
ದೇಶ ಎರಡು, ಕೊಟ್ಟಿಗೆ ಒಂದೇ.

ಸುರುಗಾ ಕೊಲ್ಲಿಯ ಅಂಚಿನ ಹಳ್ಳಿಯಲ್ಲಿ
ಅಂಚೆಯವನಾಗಿದ್ದ ಕುರಾಮೊಚಿ.
ಒಂದೇ ಮನೆತನದ ಹೆಸರು ಹೊತ್ತ
ಹನ್ನೊಂದು ಬಾಗಿಲು ಅಲ್ಲಿ.
ಮೂವತ್ತೆಂಟು ವರ್ಷ, ಒಂದು ಕಾಗದವೂ
ತಪ್ಪು ಮನೆಗೆ ಬಿದ್ದಿಲ್ಲ ಎಂಬುದು ಅವನ ಹೆಮ್ಮೆ.
ಬಿದ್ದಿದೆ, ಒಮ್ಮೆ, ಎಂಬುದು ಹೆಂಡತಿಯ ವಾದ.

ಭಾನುವಾರ ಬೆನ್ನಿಗೆ ಗಾಳಿ ಕಟ್ಟಿಕೊಂಡು ನೀರಿಗಿಳಿದು
ಮೇಲೆ ಬಂದವನೇ, ತಲೆ ಒರೆಸುವ ಮೊದಲು, ನೋಟ್‌ಬುಕ್ಕು.
ಮೈಯಂಚಿಗೆ ಕಿತ್ತಳೆ ಗೆರೆ.
ಕೊಂಬಿನ ಮಡಿಕೆ ಎಣಿಸಿದೆ: ಹದಿನಾಲ್ಕು.
ಬೆನ್ನ ಹಿಂಬದಿ ಹೂವಾಗಿ ಅರಳಿದ ಕಿವಿರು, ಎಸಳು ಏಳು.
ಊಟ, ಇವತ್ತೂ ಅದೇ ಸ್ಪಂಜು.
ಪುಟ ಮೂವತ್ತೊಂದು, ಕಿತ್ತಳೆ ಅಂಚಿನದು.
ಮೂವತ್ತೆರಡು, ನೇರಳೆ ಅಂಚಿನದು.
'ಬೇರೆ' ಎಂದು ಬರೆದು ಅಡಿಗೆ ಎರಡು ಗೆರೆ, ಕಾಗದ ಹರಿಯುವಷ್ಟು.

ಸೀಸೆಗಳ ಪೆಟ್ಟಿಗೆ ಹಿಡಿದು ಬಂದಳು ಹತಾನೊ ಕೊಯೊಮಿ,
ಪ್ರಯೋಗಾಲಯದ ಹುಡುಗಿ,
ಬಸ್ಸಿನ ತಿರುವುಗಳಿಗೆ ವಾಂತಿ ಮಾಡಿಕೊಂಡು.
ಪಾದದ ಹಿಂತುದಿಯಿಂದ ಒಂದು ಚೂರು,
ಅಕ್ಕಿನುಚ್ಚಿನಷ್ಟು.
ಉಳಿದ ಮೈ ಮದ್ಯಸಾರಕ್ಕೆ.
ಕುರಾಮೊಚಿ ನೋಡುತ್ತಲೇ ಇದ್ದ: ಕಿತ್ತಳೆ ಹೋಯಿತು,
ನೇರಳೆ ಹೋಯಿತು, ನೀಲಿ ಚುಕ್ಕೆ
ಒಂದೊಂದಾಗಿ ದೀಪ ಆರಿಸಿದ ಬೀದಿಯ ಹಾಗೆ.
ಎಲ್ಲ ಹಸುವೂ ಬೆಂದ ಅನ್ನದ ಬಣ್ಣ.
ಇನ್ನು ಯಾವುದು ಯಾವುದೆಂದು ಹೇಗೆ ಗೊತ್ತು, ಮಗಳೆ?

ನಮ್ಮ ಪುಣ್ಯ, ವರ್ಣ ಎಂಬ ಮಾತಿಗೆ ಎರಡು ಅರ್ಥ.
ಬಣ್ಣದ ವರ್ಣ ತೊಳೆದುಹೋದ ಮೇಲೂ
ಅಕ್ಷರದ ವರ್ಣ ಒಳಗೆ ಕೂತಿತ್ತು.
ಜೀವಕೋಶದ ಒಲೆಮನೆಯಲ್ಲಿ
ತಾಯಿಯಿಂದಷ್ಟೇ ಇಳಿದು ಬರುವ ಒಂದು ಸಾಲು.
ನಾಲ್ಕೇ ಅಕ್ಷರದ ವರ್ಣಮಾಲೆ, ಎ ಟಿ ಜಿ ಸಿ,
ಒತ್ತಿಲ್ಲ, ಇಳಿಯಿಲ್ಲ, ಕೊಂಬಿಲ್ಲ.
ಓದಬೇಕಾದ್ದು ಆರುನೂರ ಐವತ್ತೆಂಟು ಅಕ್ಷರ.

ಜೂನಿನಲ್ಲಿ ಫೋನು.
ಕಿತ್ತಳೆ ಅಂಚು, ನೇರಳೆ ಅಂಚು: ವ್ಯತ್ಯಾಸ ಮೂರು ಅಕ್ಷರ.
ಎರಡೂ ಒಂದೇ, ಅಜ್ಜ.
ಅವನು ಎರಡು ಗೆರೆಗಳನ್ನು ನೋಡಿದ.
ಇನ್ನೂ ಇದೆ, ಅಂದಳು.
ನಿಮ್ಮ ಕಿತ್ತಳೆಯವು ಆರರಲ್ಲಿ
ಎರಡು ಮಾತ್ರ ಎಪ್ಪತ್ತೊಂದು ಅಕ್ಷರ ದೂರ.
ಜಗತ್ತಿನ ಭಂಡಾರವನ್ನೆಲ್ಲ ಕೇಳಿದೆ.
ಅದಕ್ಕೆ ಹೆಸರಿಲ್ಲ.

ಅಂಚು ಒಂದೇ, ಮಡಿಕೆ ಹದಿನಾಲ್ಕೇ, ಎಸಳು ಏಳೇ.
ನಾಲಗೆಯ ಹಲ್ಲುಪಟ್ಟಿಯನ್ನು
ಸೂಕ್ಷ್ಮದರ್ಶಕದಡಿ ಎಣಿಸಿ ಎಣಿಸಿ ಅವಳ ಕಣ್ಣು ನೊಂದಿತ್ತು.
ಅಕ್ಷರ ಬೇರೆ ಅನ್ನುತ್ತದೆ, ಮೈ ಬಾಯಿ ಬಿಡುವುದಿಲ್ಲ.
ಹಳೆಯ ಪುಸ್ತಕ ಕಳಿಸಿ, ಎಂದಳು.
ಅಂಚೆಯಲ್ಲಿ ಕಳಿಸಲು ಅಂಚೆಯವನಿಗೆ ಧೈರ್ಯವಿಲ್ಲ;
ಬಸ್ಸು ಹತ್ತಿ ತಾನೇ ಒಯ್ದ.

ಮಧ್ಯಾಹ್ನವೆಲ್ಲ ಪುಟ ತಿರುವಿದರು.
ತೊಂಬತ್ತನಾಲ್ಕು, ಫೆಬ್ರವರಿ, ಅಂಚಿನಲ್ಲಿ ಪೆನ್ಸಿಲು:
'ಇದು ಕಿವಿರು ಕುಣಿಸುತ್ತಿಲ್ಲ. ಚಳಿಯಿರಬೇಕು.'
ತೊಂಬತ್ತೊಂಬತ್ತು, ಜನವರಿ: 'ಕುಣಿಸುತ್ತಿಲ್ಲ. ಚಳಿ.'
ಎರಡು ಸಾವಿರದ ಏಳು, ಆಗಸ್ಟ್:
'ಕುಣಿಸುತ್ತಿಲ್ಲ. ಚಳಿ?'

ಕೊಯೊಮಿ ಆ ಪ್ರಶ್ನೆಚಿಹ್ನೆಯ ಮೇಲೆ ಬೆರಳಿಟ್ಟು
ನಗಲು ಹೆದರಿ ಕೂತಳು.
ಮೊದಲು ನಕ್ಕವನು ಅವನೇ.

ರಾತ್ರಿ ಮನೆಯಲ್ಲಿ, ಮೂವತ್ತೊಂದಕ್ಕೂ ಮೂವತ್ತೆರಡಕ್ಕೂ ನಡುವೆ
ಖಾಲಿ ಹಾಳೆಯೊಂದನ್ನು ಅಂಟಿಸುತ್ತಿದ್ದಾಗ
ಬಚ್ಚಲಿನಿಂದ ಹೆಂಡತಿಯ ದನಿ:
ಒಮ್ಮೆ ಅಂದಿದ್ದೆನಲ್ಲ.