ಶನಿವಾರ ಬೆಳಗಿನ ಕರ್ಜಿಕಾಯಿ

ಶನಿ ಅಂದದ್ದೇ ತಡ, ಕೊಟ್ರೇಶಿ ಎರಡೂ ಕಿವಿ ಮುಚ್ಚಿಕೊಂಡ.
"ಹಂಗನಬ್ಯಾಡ್ರೀ ಮಿಸ್, ನಮ್ಮಜ್ಜಿ ಬೈತಾಳೆ,
ಏಳೂವರೆ ವರ್ಷ ಬೆನ್ನು ಬಿಡಂಗಿಲ್ಲಂತೆ."

ದಾವಣಗೆರೆಯ ಭಟ್ಟಿ ಓಣಿ, ಬೆಳಗಿನ ಶಾಲೆ.
ಅರ್ಧ ತರಗತಿಗೆ ನಿದ್ದೆ, ಇನ್ನರ್ಧಕ್ಕೆ ಕೆಮ್ಮು.
ಕಿಟಕಿಯಾಚೆ ಸಾಲು ಚಿಮಣಿ.
ಇಲ್ಲಿಯ ಮಕ್ಕಳಿಗೆ ನಕ್ಷತ್ರ ಕಾಣಬೇಕೆಂದರೆ
ಕರೆಂಟೂ ಹೋಗಿರಬೇಕು, ಗಾಳಿಯೂ ಬೀಸಬೇಕು.

ಮೇಜಿನ ಮೇಲೆ ತಗಡಿನ ಮೊರ ಇಟ್ಟು
ಎರಡು ಸೇರು ಮಂಡಕ್ಕಿ ಸುರಿದೆ,
ನಡುವೆ ತಂಬಿಗೆ ಮಗುಚಿಟ್ಟೆ.
ಇದು ಶನಿ. ಇದು ಅದರ ಬಳೆ.
ದೂರಕ್ಕೆ ಒಂದೇ ತಟ್ಟೆ, ಹತ್ತಿರಕ್ಕೆ ಎಲ್ಲ ಬಿಡಿ ಬಿಡಿ,
ಮಂಜಿನ ಮಂಡಕ್ಕಿ, ಒಂದು ಸಾಸಿವೆಯಷ್ಟು, ಒಂದು ಮನೆಯಷ್ಟು,
ಯಾವುದೂ ನಿಂತಿಲ್ಲ.
"ಉಪ್ಪು ಹಾಕ್ಯಾರೇನ್ರೀ?" ದಾದಾಪೀರ.
ಇಲ್ಲಪ್ಪ, ಸಪ್ಪೆ.

ಬೆರಳಿಟ್ಟು ತಂಬಿಗೆಯ ಸುತ್ತ ಒಂದು ಸುತ್ತು ಎಳೆದೆ.
ಮಂಡಕ್ಕಿ ಸರಿದು ತಗಡು ಕಂಡಿತು, ಸಣ್ಣ ಕಾಲುದಾರಿ.
ಈ ದಾರಿ ಗುಡಿಸುವ ಪುಟ್ಟ ಚಂದ್ರನೊಬ್ಬನಿದ್ದಾನೆ,
ಹೆಸರು ಪ್ಯಾನ್.
ತರಗತಿ ಈಗ ಎದ್ದಿತು.
"ಪ್ಯಾನ್ ಕಾರ್ಡಾ ಮಿಸ್?"
"ಫ್ಯಾನಲೇ! ತಿರುಗ್ತೈತಲ್ಲ!"

ಎಷ್ಟು ದೊಡ್ಡದೆಂದು ಯಾರೂ ಕೇಳಲಿಲ್ಲ, ನಾನೇ ಹೇಳಿದೆ:
ಹರಿಹರಕ್ಕೆ ಹೋಗಿ ವಾಪಸ್ ಬಂದಷ್ಟು ಅಗಲ, ಅಷ್ಟೇ.
ಅಲ್ಲಿ ಜಿಗಿದರೆ
ಇಳಿಯುವಷ್ಟರಲ್ಲಿ ಗಣಿತದ ಪೀರಿಯಡ್ಡೇ ಮುಗಿದಿರುತ್ತದೆ.
ಚೆಂಡು ಜೋರಾಗಿ ಎಸೆದಿರೋ, ಹೋಯಿತು.
ಎಲ್ಲರೂ ಜಿಗಿದರು.
ಎಲ್ಲರೂ ಕೂಡಲೇ ಇಳಿದರು. ಬೇಜಾರಾಯಿತು ಅವರಿಗೆ.

ಆಗ ಡಬ್ಬಿಯಿಂದ ಕರ್ಜಿಕಾಯಿ ತೆಗೆದೆ.
ನೋಡಿ, ಹೆಚ್ಚುಕಮ್ಮಿ ಇದೇ ರೂಪ.
ನಡುವೆ ಉಬ್ಬಿದ ಹೊಟ್ಟೆ, ಸುತ್ತ ತೆಳ್ಳನೆಯ ಅಂಚು.
ಬಳೆಯ ಪುಡಿ ಬಂದು ಬಂದು
ಸೊಂಟಕ್ಕೆ ಮೆತ್ತಿಕೊಂಡಿದೆ.
"ನಮ್ಮಪ್ಪನ ರೆಪ್ಪಿಗೂ ಮೆತ್ತಿರ್ತೈತಿ, ಬೂದಿ," ಅಂದ ದಾದಾಪೀರ.
ಒಂದು ಸುತ್ತಿಗೆ ಹದಿನಾಲ್ಕು ತಾಸು, ತುಸು ಕಮ್ಮಿ ಅಂದೆ.
ಬೆರಳು ಮಡಚುತ್ತ ಎಣಿಸಿದ,
ನಸುಕಿನ ಮೂರರಿಂದ ಸಂಜೆ ಐದರ ತನಕ.
"ನಮ್ಮಪ್ಪಂದೂ ಅಷ್ಟೇ ಪಾಳಿ.
ಅದಕ್ಕೆ ಶುಕ್ರವಾರ ರಜೆ ಐತೇನ್ರೀ?"
ಇಲ್ಲ ಅನ್ನಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

"ಯಾರ್ ನೋಡಿದ್ರು ಮೊದಲು?"
ಮುಬೀನಾ. ಜೂನಿನಿಂದ ಅವಳ ದನಿ ಕೇಳಿದ್ದು
ಹಾಜರಿಗೆ ಮಾತ್ರ.
ನೌಕೆಯೊಂದು ಹೋಗಿ ಫೋಟೋ ಕಳಿಸಿತ್ತು ಅಂದೆ.
ಫೋಟೋದಲ್ಲಿ ಪ್ಯಾನ್ ಇತ್ತು. ಒಂಬತ್ತು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ.
ದಾರಿಯ ಅಂಚು ಮಾತ್ರ ಅಲೆಅಲೆ,
ಎಳೆದ ಸೆರಗು ಸುಕ್ಕಾದ ಹಾಗೆ.
ಯಾರೂ ಹಾಯದೆ ಸುಕ್ಕಾಗುವುದು ಹೇಗೆ?
ಲೆಕ್ಕ ಹಾಕಿದರು, ಹಳೇ ಫೋಟೋಗಳನ್ನೇ ಮತ್ತೆ ಹುಡುಕಿದರು.
ಸಿಕ್ಕಿತು, ಒಂದು ಚುಕ್ಕಿ.
"ಅಲ್ಲೀತನಕ ಗುಡಿಸ್ತಾನೇ ಇತ್ತಾ?"
ಹೂಂ.
ಅವಳು ಕೂತಳು.

ಗಂಟೆ ಹೊಡೆಯುವಷ್ಟರಲ್ಲಿ ಬಳೆ ಖಾಲಿ,
ಉಳ್ಳಾಗಡ್ಡಿ, ಹಸಿಮೆಣಸಿನಕಾಯಿಯ ಜೊತೆ.
ಶನಿ ನೀರಿನ ಕೊಡದ ಪಕ್ಕಕ್ಕೆ ವಾಪಸಾಯಿತು.
ಕರ್ಜಿಕಾಯಿ ಯಾರು ತಿಂದರೋ, ನೋಡಲಿಲ್ಲ.

ಮಧ್ಯಾಹ್ನ ಓಣಿಯಲ್ಲಿ ಬರುತ್ತಿದ್ದೆ.
ಭಟ್ಟಿಯಂಗಳದ ತುಂಬ ಬೇಯಿಸಿ ಹರವಿದ ಭತ್ತ,
ನಡುವೆ ಬೋರಲು ಹಾಕಿದ ಕಬ್ಬಿಣದ ಬಾಣಲೆ.
ಮುಬೀನಾ ಬರಿಗಾಲು ಎಳೆಯುತ್ತ ಸುತ್ತುತ್ತಿದ್ದಳು,
ಬಗ್ಗಿದ ತಲೆ, ಹಿಂದೆ ಸಣ್ಣ ದಾರಿ,
ದಾರಿಯ ಎರಡೂ ಬದಿ ಕಾಳಿನ ಅಲೆ.
ಕರೆದೆ. ಕತ್ತೆತ್ತದೆ ಕೈ ಅಡ್ಡ ಹಿಡಿದಳು:
"ಅಲ್ಲೇ ನಿಲ್ರೀ ಮಿಸ್, ಬಳೆ ತುಳೀತೀರಿ."