ಹತ್ತು ದಿನದ ಗಡುವು

ಕತ್ತಲಿ ಬಗ್ಗೆ ನನಗ ಹೇಳಬ್ಯಾಡ್ರಿ.
ಡಬ್ಬಿ ಮ್ಯಾಲೆ ಬರದಾರ:
‘ಪೂರ್ತಿ ಕತ್ತಲೆಯಲ್ಲಿ ಚಿತ್ರ ಅತ್ಯುತ್ತಮ.’
ಪೂರ್ತಿ ಕತ್ತಲಿ ಬರದವಗ ಗೊತ್ತಿಲ್ಲ.
ಕೇಜಿನಾಗ ಇಳದು, ಇಪ್ಪತ್ತೆರಡನೇ ಲೆವೆಲ್ಲಿನಾಗ
ತಲೀ ಮ್ಯಾಲಿನ ದೀಪ ಆರಿಸಿ ನಿಂತ್ರ
ನನ್ನ ಕೈ ನನ್ನ ಮೂಗಿಗೆ ಬಡದಾಗಷ್ಟ
ಕೈ ಐತಿ ಅಂತ ತಿಳೀತೈತಿ.

ಹಟ್ಟಿ ಕ್ಯಾಂಪಿನ ಈ ಕ್ವಾರ್ಟರ್ಸಿನಾಗ
ಅಂಥ ಕತ್ತಲಿ ಎಲ್ಲಿಂದ ತರ್ಲಿ?
ರಾತ್ರಿ ಪಾಳಿಯವನ ಸಿನಿಮಾ ಟೈಮು
ಮುಂಜಾನಿ ಹತ್ತು.
ಏಪ್ರಿಲ್ ಬಿಸಿಲು ಕಿಡಕಿ ಸಂದಿಗೆ
ಬಾಯಿ ಹಚ್ಚಿ ಕುಂತಿರತೈತಿ.
ಹುಲಿಗೆಮ್ಮ ಒಂದು ಕಿಡಕಿಗೆ ಕೌದಿ ಕಟ್ಟಿದಳು,
ಇನ್ನೊಂದಕ್ಕ ಟಾರ್ಪಾಲು,
ಬಾಗಿಲ ತಳಗ ನನ್ನ ಹಳೇ ಲುಂಗಿ.

ಮೆಷಿನ್ನು ಹಾಲಿನ ಡಬರಿಯಷ್ಟ ಐತಿ.
"ಇಷ್ಟಕ್ಕ ಎಂಟು ಸಾವಿರದ ಒಂಬೈನೂರಾ?"
"ನಿನ್ನ ಮೂಗುತಿ ಎಷ್ಟೈತಿ?" ಅಂದೆ.
ಸುಮ್ಮನಾದಳು.
ಒಂದು ಟನ್ ಕಲ್ಲಿಗೆ ಎಷ್ಟು ಗ್ರಾಂ ಅನ್ನೂದು
ನಮ್ಮ ಓಣ್ಯಾಗ ಕೂಸುಗಳಿಗೂ ಬಾಯಿಪಾಠ.

‘ಒಂಬತ್ತು ಸಾವಿರ ಲ್ಯೂಮೆನ್ಸ್’. ಸುಳ್ಳು.
ಮೀಟರ್ ಹಿಡದು ಅಳದಿಲ್ಲ ನಾನು.
ಪಾಳಿ ಮುಗದ ಮ್ಯಾಲೆ ಲ್ಯಾಂಪ್ ರೂಮಿಗೆ ದೀಪ ಕೊಟ್ಟ ಬರತೀನಿ,
ಅದರ ಬೆಳಕು ಹಣೀ ಮ್ಯಾಲೆ ಉಳದಿರತೈತಿ,
ಆ ಲೆಕ್ಕದಾಗ ಹೇಳತೀನಿ.

ಚಿತ್ರ ನಡುವ ಚೂಪು, ಮೂಲ್ಯಾಗ ಮಬ್ಬು.
ಹೀರೋನ ಮೀಸಿ ಎಣಿಸಬಹುದು,
ಅವನ ಅವ್ವ ಮೂಲ್ಯಾಗ ಮಂಜಿನಾಗ ನಿಂತಾಳ.
ಕಂಪನಿ ಬಳದ ಹಳದಿ ಗೋಡಿ ಮ್ಯಾಲೆ
ಹಿಮದ ಗುಡ್ಡಕ್ಕೆಲ್ಲ ಕಾಮಣಿ ಆಗೇತಿ.
ಫ್ಯಾನಿನ ಸದ್ದಿಗೆ ಹುಲಿಗೆಮ್ಮ
"ಮನ್ಯಾಗ ಗಿರಣಿ ಹಾಕಿಸಿದಂಗ ಆತು" ಅಂತಾಳ.
ನನಗ ಕೇಳಸೂದಿಲ್ಲ.
ಇಪ್ಪತ್ತು ವರ್ಷ ಡ್ರಿಲ್ ಹಿಡದ ಕಿವಿ
ಸಣ್ಣ ಸದ್ದನ್ನ ಒಳಗ ಬಿಟ್ಟುಕೊಳ್ಳೂದಿಲ್ಲ,
ಆ ಮಾರ್ಕ್ಸ್ ಆಕೀಗೇ ಬಿಟ್ಟೆ.

ನೆಟ್ಟು ಮಗಳ ಮೊಬೈಲಿಂದು.
ಸೈರನ್ ಹೊಡದು ಪಾಳಿ ಬಿಟ್ಟ ಕೂಡಲೇ
ಇಡೀ ಕ್ಯಾಂಪು ಮೊಬೈಲ್ ತಗೀತೈತಿ,
ನಮ್ಮ ಗೋಡಿ ಮ್ಯಾಲೆ ದುಂಡನ ಗೆರಿ
ಗಾಣದೆತ್ತಿನಂಗ ತಿರಗತೈತಿ,
ಹೊಡಿಯಾಕ ಎತ್ತಿದ ಕೈ ಎತ್ತಿದಂಗ.

ಎಂಟನೇ ದಿನ ವಾಪಸ್ ಅಂತ ನಿಕ್ಕಿ ಆತು.

ಅವತ್ತ ಅಂಬಿಕಾ
ಮೆಷಿನ್ನಿನ ಕುತ್ತಿಗಿ ಹಿಂದಕ್ಕ ಬಾಗಿಸಿ
ಅದರ ಮುಖ ಮ್ಯಾಲೆ ಮಾಡಿಟ್ಟಳು.
"ಅಪ್ಪಾ, ಅಡ್ಡಾಗು."

ಸ್ಲ್ಯಾಬಿನ ತುಂಬ ಸಮುದ್ರ ಬಂತು.
ನಾನು ಎದ್ದು ಕುಂತೆ.

ತಲೀ ಮ್ಯಾಲೆ ಏನಿದ್ರೂ ಮೊದಲು ಬಡದು ನೋಡಬೇಕು,
ಕೆಳಗ ಅದ ರಿವಾಜು.
ಹಾರಿ ತಗೊಂಡು ಕಲ್ಲು ಕುಟ್ಟಿದ್ರ
ಠಣ್ ಅಂದ್ರ ಗಟ್ಟಿ, ದಬ್ ಅಂದ್ರ ಟೊಳ್ಳು.
ದಾವಲಸಾಬಗ ಆ ದಿನ
ಠಣ್ ಅಂತನ ಕೇಳಿಸಿತ್ತು.

ಬಾಗಿಲ ಹಿಂದಿನ ಕೋಲು ತಗೊಂಡು
ಸಮುದ್ರದ ನಡುವ ಮೂರು ಕಡಿ ಕುಟ್ಟಿದೆ.
ಮಗಳು ನಕ್ಕಳು. ಅವರವ್ವ ನಗಲಿಲ್ಲ,
ಅದನ್ನ ನೋಡಿ ಆಕೀನೂ ಸುಮ್ಮನಾದಳು.
ಗಟ್ಟಿ ಐತಿ ಅಂದೆ. ಅಡ್ಡಾದೆ.

ಒಂದು ದೋಣಿ ಟ್ಯೂಬ್‌ಲೈಟಿನ ಕಡೆ ಹೋತು.
ಯಾರೋ ಬುತ್ತಿ ಬಿಚ್ಚಿದ್ರು, ಭಾಷಾ ತಿಳೀಲಿಲ್ಲ.
ಬೆಳಕಿನ ಕೋಲಿನಾಗ ಧೂಳು ಏರತಿತ್ತು,
ಕೆಳಗಾದ್ರ ಮೂಗಿಗೆ ಬಟ್ಟಿ ಕಟ್ಟತಿದ್ದೆ,
ಇಲ್ಲಿ ಬಾಯಿ ತೆರದು ನೋಡಿದೆ.
ಯಾವಾಗ ನಿದ್ದಿ ಹತ್ತಿತೋ.
ಎಚ್ಚರಾದಾಗ ಸ್ಲ್ಯಾಬಿನ ಮ್ಯಾಲೆ
ಹೆಸರು ಏರತಿದ್ವು ಒಂದರ ಹಿಂದೊಂದು,
ಕೇಜಿನಾಗ ಮ್ಯಾಲೆ ಬರೋ ಮಂದಿಯಂಗ.
ಎಲ್ಲಾರೂ ಬಂದ್ರೇನಂತ
ಕೊನೀ ಹೆಸರಿನ ತನಕ ನೋಡಿದೆ.

ಇವತ್ತ ಹತ್ತನೇ ದಿನ.
ಮೂಲಿ ಇನ್ನೂ ಮಬ್ಬ ಐತಿ.
ಲಿಂಗಸೂಗೂರಿಂದ ಕೊರಿಯರ್ ಹುಡುಗ ಬಂದು
ಬಾಗಿಲಾಗ ನಿಂತಾನ, ಬೆವರೊರಸಿಕೊಂತ:
"ವಾಪಸ್ ಕೊಡೂದೈತೇನ್ರಿ?"
ಡಬ್ಬಿ ಹುಡುಕಿದೆ.
ಅದರ ತುಂಬ ಹುಲಿಗೆಮ್ಮ
ಉಳ್ಳಾಗಡ್ಡಿ ತುಂಬ್ಯಾಳ.