ಕರಿಗೇರು ಮಸಿ

ನಾನೂರ ಹನ್ನೆರಡು ಸಾಲು. ಒಂದೇ ಫೈಲು.
ದುರ್ಗಿಗುಡಿಯ ಮಹಡಿ ಕೋಣೆಯಲ್ಲಿ ಬರೆದದ್ದು,
ಕೆಳಗೆ ಚೌಡಮ್ಮನ ಇಸ್ತ್ರಿಪೆಟ್ಟಿಗೆಯ ಕೆಂಡ ಚಟಗುಟ್ಟುವಾಗ.

ಪದ ಕೊಡಿ, ಅಂಕಿ ಕೊಡುತ್ತದೆ.
‘ತುಂಗೆ’ ಎಂದರೂ, ಇಡೀ ಪಂಚಾಂಗ ಸುರಿದರೂ
ಅರವತ್ನಾಲ್ಕೇ ಬಿಟ್.
ಗುಣಿಸು, ಜರುಗಿಸು, ಕಲಸು, ಮತ್ತೆ ಗುಣಿಸು.
ಎವೆಯಿಕ್ಕುವಷ್ಟರಲ್ಲಿ ಕೋಟಿ ಪದ.

ಗುಟ್ಟು ಕಾಯಲು ಬೇರೆಯವರನ್ನು ನೋಡಿಕೊಳ್ಳಿ ಅಂತ
ಮೊದಲ ಸಾಲಿನಲ್ಲೇ ಬರೆದಿದ್ದೇನೆ.
ಇದು ಬರೀ ಗೂಟ, ಅಂಗಿ ತಗುಲಿಹಾಕಲಿಕ್ಕೆ.
ಬೇಕಾದವರು ಒಯ್ಯಿರಿ, ದುಡ್ಡು ಬೇಡ.

ಚೌಡಮ್ಮ ಕಾಲರಿನ ಒಳಗೆ ಕರಿಗೇರು ಮಸಿಯಲ್ಲಿ
ಎರಡು ಚುಕ್ಕಿ, ಒಂದು ಕೊಕ್ಕೆ ಇಡುತ್ತಾಳೆ.
ಮುನ್ನೂರು ಮನೆಯ ಬಟ್ಟೆ, ಹೆಸರು ಒಂದೂ ಇಲ್ಲ.
ಚುಕ್ಕಿ ನೋಡಿ ಅಂಗಿ ಹೊಲಿಯಲು
ಯಾವ ದರ್ಜಿಗೂ ಬಾರದು.
‘ಎರಡು ಮನೆಗೆ ಒಂದೇ ಗುರುತು ಬಿದ್ದರೆ?’
‘ಬಿದ್ದೈತೆ. ಮೂಸಿ ನೋಡ್ತೀನಿ.
ಒಂದು ನಶ್ಯ, ಒಂದು ಸೀಮೆಸುಣ್ಣ.’
ಅದನ್ನೇ ಬರೆಯಲು ನನಗೆ ಮೂವತ್ತು ಸಾಲು ಹಿಡಿಯಿತು.

ನಿನ್ನೆ ತೀರ್ಥಹಳ್ಳಿಯ ಗ್ರಂಥಪಾಲಕರ ದೂರು:
‘ಕೋಣಂದೂರು ಒಂದೇ, ಅಂಕಿ ಎರಡು ಬರ್ತಿದೆ ಮೇಡಂ.’
ಕಣ್ಣಿಗೆ ಕೂದಲೆಳೆಯ ಭೇದವಿಲ್ಲ.
ಬಿಚ್ಚಿ ನೋಡಿದೆ:
ಒಬ್ಬರು ಓತ್ವದೀರ್ಘವನ್ನು ಇಡಿಯಾಗಿ ಒತ್ತಿದ್ದಾರೆ,
ಇನ್ನೊಬ್ಬರು ಏತ್ವ, ಕೊಂಬಿನಿಳಿ, ದೀರ್ಘ ಅಂತ
ಬಿಡಿಬಿಡಿಯಾಗಿ, ಮಗ್ಗಿ ಒಪ್ಪಿಸಿದ ಹಾಗೆ.
ಕಾಗದದ ಮೇಲೆ ಒಂದೇ ಊರು.
ನನ್ನ ಗೂಟಕ್ಕೆ ಎರಡು.

ಒಂದು ಮಾಡಬಹುದು. ಮಾಡಿದರೆ ನಿಧಾನ.
ಎಷ್ಟು ನಿಧಾನ ಅಂತ ಅಳೆದೆ: ಮೂರು ಪಟ್ಟು.
ಮೂರು ವರ್ಷದಿಂದ ಒಂದೊಂದು ಗುಣಾಕಾರ
ಕದ್ದು ಉಳಿಸಿದವಳು ನಾನು.

‘ಸುಕ್ಕು ತೆಗೀದೆ ಗುರುತು ಹಾಕಿದ್ರೆ
ಮಸಿ ಮಡಿಕೆಯೊಳಗೆ ಹೋಗ್ತದೆ’
ಎಂದಳು ಚೌಡಮ್ಮ, ಬೇರೆ ಯಾರಿಗೋ.

ನಾನೂರ ಹದಿಮೂರನೇ ಸಾಲು ಇನ್ನೂ ಖಾಲಿ.
ಕೆಂಡಕ್ಕೆ ನೀರು ಚಿಮುಕಿಸಿದ ಸದ್ದು.